ಮನೆಯೊಳಗಿನ ತಕ್ಕಡಿ



ದೌಲತಾಬಾದ್, ತಾಂಡೂರು, ಜಹೀರಾಬಾದ್, ನಾರಾಯಣಖೇಡ ಕಡೆಯಿಂದ ಉತ್ಸವಕ್ಕೆ ಆಗಮಿಸಿರುವ ಸಮಸ್ತ ಧರ್ಮಬಂಧುಗಳಲ್ಲಿಯೂ ಮಾತೆಯರಲ್ಲಿಯೂ ಕೆಲವು ಮಾತುಗಳನ್ನು ನಿವೇದಿಸಿಕೊಳ್ಳುತ್ತೇನೆ. ನಮ್ಮಲ್ಲಿ ಮನೆಮಾತು ಕನ್ನಡವಾದವರಿದ್ದಾರೆ; ಮಾರವಾಡಿ, ಗುಜರಾತಿ, ಮರಾಠಿ, ತೆಲುಗು ಆದವರೂ ಇದ್ದಾರೆ. ಇದು ಹೊಸದೇನಲ್ಲ. ಹತ್ತನೆಯ ಶತಮಾನದಲ್ಲಿ ಪಂಪಕವಿಯ ತಮ್ಮ ಜಿನವಲ್ಲಭನು ಕರೀಂನಗರದ ಕಡೆಯ ಕುರಿಕ್ಯಾಲದ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರೂ ನುಡಿಗಳಲ್ಲಿ ಶಾಸನವನ್ನು ಬರೆಯಿಸಿದ್ದಾನೆ. ನಾನು ಮೆಟ್ರಿಕ್‌ವರೆಗೆ ಓದಿದ ತೊಗರಿ ವ್ಯಾಪಾರಿ, ಪಂಡಿತನಲ್ಲ. ನನಗೆ ತಿಳಿದಿರುವ ತಕ್ಕಡಿಯ ಭಾಷೆಯಲ್ಲಿಯೇ ಹೇಳುತ್ತೇನೆ.

ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಶಾಸ್ತ್ರಕಾರರು ಹೇಳಿದ್ದಾರೆ. ಅವುಗಳಲ್ಲಿ ಹೀನಾಧಿಕ ಮಾನೋನ್ಮಾನ ಎಂಬುದೊಂದು. ಕೊಳ್ಳುವಾಗ ಹೆಚ್ಚು ತೂಗುವ ಕಲ್ಲು, ಮಾರುವಾಗ ಕಡಿಮೆ ತೂಗುವ ಕಲ್ಲು, ಹೀಗೆ ಎರಡು ಬಗೆಯ ತೂಕವನ್ನು ಇಟ್ಟುಕೊಳ್ಳುವುದು ಕಳ್ಳತನದ ಸಮೀಪದ ದೋಷ. ನನ್ನ ತಂದೆಯವರು ಇದನ್ನು ಅಕ್ಷರಶಃ ಪಾಲಿಸಿದವರು. ಪ್ರತಿದಿನ ಅಂಗಡಿ ತೆರೆದೊಡನೆ ತಕ್ಕಡಿಯನ್ನು ಒರೆಸಿ, ಖಾಲಿ ತಟ್ಟೆಗಳು ಸಮನಾಗಿ ನಿಲ್ಲುವವರೆಗೆ ಕಾಯುತ್ತಿದ್ದರು. ಈಗ ಎಲೆಕ್ಟ್ರಾನಿಕ್ ಕಾಟಾ ಬಂದಿದೆ. ಇಲಾಖೆಯವರು ಪರೀಕ್ಷಿಸಿ ಮುದ್ರೆ ಹಾಕುತ್ತಾರೆ. ಮನೆಯೊಳಗಿನ ತಕ್ಕಡಿಗೆ ಮುದ್ರೆ ಹಾಕಲು ಮಾತ್ರ ಯಾರೂ ಬರುವುದಿಲ್ಲ.

ತಂದೆಯವರು 2009ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಅಂಗಡಿ, ಮನೆ, ಸ್ವಲ್ಪ ಹೊಲ, ಎಲ್ಲವೂ ಅವರು ಸ್ವಂತ ದುಡಿಮೆಯಿಂದ ಗಳಿಸಿದ್ದು. ಕಲಬುರಗಿಗೆ ಕೊಟ್ಟಿದ್ದ ನನ್ನ ತಂಗಿ ಬಂದಿದ್ದಳು. ಹದಿಮೂರು ದಿನಗಳು ಕಳೆದ ಮೇಲೆ ನೋಂದಣಿ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿದೆವು. ಅವಳು ಓದಿ ನೋಡಲಿಲ್ಲ. ನಾವೂ ಓದಿ ಹೇಳಲಿಲ್ಲ. ಹೊರಡುವಾಗ ಅವಳು ಕೇಳಿದ್ದು ಒಂದೇ: "ಅಣ್ಣಾ, ಅವ್ವನ ತಾಮ್ರದ ಹಂಡೆ ನಾ ಒಯ್ಯಲೇನು?" ಹಂಡೆಯನ್ನೂ ಒಂದು ಸೀರೆಯನ್ನೂ ಕೊಟ್ಟು ಕಳುಹಿಸಿದೆವು. ಸೀರೆಯ ಬೆಲೆಯನ್ನು ನಾನು ಕೀರ್ದಿಯಲ್ಲಿ ಖರ್ಚು ಹಾಕಿದ್ದೇನೆ. ಆ ಪುಟ ಇಂದಿಗೂ ಇದೆ. ಕೆಲವು ವರ್ಷಗಳ ನಂತರ ಅವರ ಮನೆಯ ವ್ಯಾಪಾರ ಕುಸಿಯಿತು. ಮಗಳ ಕಾಲೇಜಿನ ಶುಲ್ಕಕ್ಕಾಗಿ ತಂಗಿ ಕೈಯ ಪಾಟ್ಲಿಗಳನ್ನು ಮಾರಿದ ಸಂಗತಿ ನನಗೆ ಬೇರೆಯವರಿಂದ ತಿಳಿಯಿತು.

ಇದನ್ನು ನಾನು ತಪ್ಪೆಂದು ಎಣಿಸಿರಲಿಲ್ಲ. ಎಲ್ಲರ ಮನೆಯಲ್ಲಿಯೂ ನಡೆಯುವ ಪದ್ಧತಿ ಎಂದುಕೊಂಡಿದ್ದೆ. ಒಮ್ಮೆ ದಶಲಕ್ಷಣ ಪರ್ವದ ಪ್ರವಚನದಲ್ಲಿ ಪಂಡಿತರು ಮಹಾಪುರಾಣದ ಆದಿಪುರಾಣ ಭಾಗವನ್ನು ವಿವರಿಸುತ್ತಿದ್ದರು. ಇದನ್ನು ರಚಿಸಿದ ಜಿನಸೇನಾಚಾರ್ಯರು ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನಿಗೆ ಗುರುಗಳಾಗಿದ್ದವರು. ಅವನ ರಾಜಧಾನಿಯಾಗಿದ್ದ ಮಾನ್ಯಖೇಟವೇ ತಾಂಡೂರಿಗೆ ದೂರವಲ್ಲದ ಇಂದಿನ ಮಳಖೇಡ. ಗೃಹಸ್ಥನು ಮನೆಯನ್ನು ತ್ಯಜಿಸಿ ಹೊರಡುವಾಗ ತನ್ನ ಧನವನ್ನು ಮೂರು ಭಾಗ ಮಾಡಬೇಕು. ಒಂದು ಧರ್ಮಕಾರ್ಯಕ್ಕೆ, ಒಂದು ಮನೆಯ ಖರ್ಚಿಗೆ, ಮೂರನೆಯದು ಮಕ್ಕಳಿಗೆ. ಆ ಮೂರನೆಯ ಭಾಗದಲ್ಲಿ ಪುತ್ರಿಯರೂ ಪುತ್ರರಿಗೆ ಸಮನಾದ ಅಂಶಕ್ಕೆ ಅರ್ಹರು ಎಂದು ಆಚಾರ್ಯರು ಗೃಹತ್ಯಾಗ ಕ್ರಿಯೆಯ ಸಂದರ್ಭದಲ್ಲಿ ವಿಧಿಸಿದ್ದಾರೆ. ಒಂಬತ್ತನೆಯ ಶತಮಾನದ ಮಾತು! ಅದೇ ಗ್ರಂಥದಲ್ಲಿ ಭಗವಾನ್ ಋಷಭದೇವನು ಬ್ರಾಹ್ಮಿಗೆ ಅಕ್ಷರವನ್ನೂ ಸುಂದರಿಗೆ ಅಂಕವನ್ನೂ ಕಲಿಸಿದ ಕಥೆಯನ್ನು ನಾವು ಮಕ್ಕಳಿಗೆ ಬಾರಿಬಾರಿಗೂ ಹೇಳುತ್ತೇವೆ. ಸಮಪಾಲಿನ ಮಾತನ್ನು ಯಾರೂ ಹೇಳಿದ್ದು ನನಗೆ ನೆನಪಿಲ್ಲ.

ದೇಶದ ಕಾನೂನು ಅಲ್ಲಿಗೆ ತಲುಪಲು ಸಾವಿರ ವರ್ಷಕ್ಕೂ ಮಿಗಿಲಾದ ಕಾಲ ಹಿಡಿಯಿತು. ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಉಯಿಲಿಲ್ಲದೆ ತೀರಿಕೊಂಡ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲುಂಟು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಮಗಳೂ ಜನ್ಮತಃ ಹಕ್ಕುದಾರಳು ಎಂಬ ತಿದ್ದುಪಡಿಯನ್ನು ನಾವು ಆಗ ಸೇರಿದ್ದ ಆಂಧ್ರಪ್ರದೇಶವು 1985ರ ಸೆಪ್ಟೆಂಬರ್ 5ರಿಂದಲೇ ಜಾರಿಗೆ ತಂದಿತು. ಆ ದಿನಕ್ಕೆ ಮೊದಲು ಮದುವೆಯಾದವರಿಗೆ ಅದು ಸಲ್ಲಲಿಲ್ಲ. ಕರ್ನಾಟಕದಲ್ಲಿ 1994ರಲ್ಲಿಯೂ, ಇಡೀ ದೇಶದಲ್ಲಿ 2005ರ ಸೆಪ್ಟೆಂಬರ್ 9ರಿಂದಲೂ ಈ ಹಕ್ಕು ಬಂತು. ಆ ದಿನ ತಂದೆ ಜೀವಂತವಾಗಿರದಿದ್ದರೂ ಮಗಳ ಹಕ್ಕು ಹಕ್ಕೇ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಬಿಡುಗಡೆ ಪತ್ರವೆಂಬ ಒಂದು ಕಾಗದದಿಂದ ಇವೆಲ್ಲವನ್ನೂ ಮನೆಯ ಅಂಗಳದಲ್ಲಿಯೇ ನಾವು ಅಳಿಸಿಬಿಡುತ್ತೇವೆ.

ಇನ್ನು ಹೇಳಲು ನಾಲಿಗೆ ಹಿಂಜರಿಯುವ ವಿಷಯ. 2001ರ ಜನಗಣತಿಯಲ್ಲಿ ಜೈನ ಸ್ತ್ರೀಯರ ಸಾಕ್ಷರತೆ ಶೇಕಡಾ 90.6, ದೇಶದ ಎಲ್ಲ ಪ್ರಮುಖ ಧರ್ಮೀಯರಲ್ಲಿ ಪ್ರಥಮ ಸ್ಥಾನ. ಇದನ್ನು ನಾವು ಪ್ರತಿ ಸಭೆಯಲ್ಲಿಯೂ ಹೇಳಿ ಚಪ್ಪಾಳೆ ತಟ್ಟಿದ್ದೇವೆ. ಅದೇ ಗಣತಿಯಲ್ಲಿ, ಆರು ವರ್ಷದವರೆಗಿನ ಮಕ್ಕಳಲ್ಲಿ ಸಾವಿರ ಗಂಡುಮಕ್ಕಳಿಗೆ ಜೈನ ಹೆಣ್ಣುಮಕ್ಕಳು 870 ಮಾತ್ರ. ದೇಶದ ಸರಾಸರಿ 927. ಪ್ರಕೃತಿಯ ನಿಯಮದಂತೆ ಸುಮಾರು 950 ಇರಬೇಕು. 2011ರಲ್ಲಿ ನಮ್ಮ ಸಂಖ್ಯೆ 889ಕ್ಕೆ ಏರಿತೆಂಬುದು ಅಲ್ಪ ಸಮಾಧಾನ. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವವರು ನಾವು; ಕಣ್ಣಿಗೆ ಕಾಣದ ಜೀವಕ್ಕೆ ಹಿಂಸೆಯಾದೀತೆಂದು ಸೂರ್ಯಾಸ್ತದ ನಂತರ ಉಣ್ಣದವರು ನಾವು. ಪಂಚೇಂದ್ರಿಯವುಳ್ಳ ಜೀವ ನಮ್ಮದೇ ಮನೆಗೆ ಬರುವಾಗ ಎಷ್ಟು ಮನೆಗಳಲ್ಲಿ ಸ್ಕ್ಯಾನಿಂಗ್ ಕೋಣೆಯ ಬಾಗಿಲಲ್ಲಿ ತಡೆದು ನಿಲ್ಲಿಸಲಾಯಿತು? ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾಯ್ದೆ 1994ರಲ್ಲಿಯೇ ಆಗಿದೆ. ಓದಿದವರು, ಹಣವುಳ್ಳವರು ನಾವೆಂಬುದು ಇಲ್ಲಿ ಹೆಮ್ಮೆಯ ಮಾತಾಗಲಿಲ್ಲ. ಯಂತ್ರದ ಬಾಡಿಗೆ ಕೊಡುವ ಶಕ್ತಿ ನಮಗಿತ್ತೆಂದಷ್ಟೇ ಆಯಿತು.

ಅದೇ 2001ರ ಗಣತಿಯಲ್ಲಿ ದುಡಿಯುವವರೆಂದು ಎಣಿಕೆಯಾದ ಜೈನ ಸ್ತ್ರೀಯರು ಶೇಕಡಾ 9.2. ಈ ಅಂಕಿಯ ಒಳಗುಟ್ಟು ನನಗೆ ಗೊತ್ತು. 2011ರಲ್ಲಿ ಗಣತಿಗೆ ಬಂದ ಮಾಸ್ತರರು ಮನೆಯಾಕೆ ಏನು ಕೆಲಸ ಮಾಡುತ್ತಾರೆಂದು ಕೇಳಿದಾಗ "ಏನೂ ಇಲ್ಲ, ಮನೆಯಲ್ಲೇ" ಎಂದವನು ನಾನೇ. ಅಂದು ಬೆಳಿಗ್ಗೆಯೂ ಅವರೇ ಕುಳಿತು ಖತಾವಣಿಯ ಬಾಕಿಗಳನ್ನು ತಾಳೆ ನೋಡಿದ್ದರು. 2019ರ ಸರ್ಕಾರಿ ಸಮೀಕ್ಷೆಯಂತೆ, ಮನೆಗೆಲಸ ಮಾಡುವ ಸ್ತ್ರೀಯರು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಮನೆಗೆಲಸ ಮಾಡುವ ಪುರುಷರು ಕೊಡುತ್ತಿದ್ದುದು 97 ನಿಮಿಷ. ಅಹಿಂಸಾಣುವ್ರತದ ಅತಿಚಾರಗಳಲ್ಲಿ ಅತಿಭಾರಾರೋಪಣವೂ ಒಂದು. ಎತ್ತಿನ ಮೇಲೆ ಮಿತಿಮೀರಿದ ಹೇರು ಹೇರಬಾರದೆಂದು ಅದರ ಅರ್ಥವನ್ನು ನಾವು ಹೇಳುತ್ತೇವೆ. ಎತ್ತಿನಾಚೆಗೆ ನಮ್ಮ ಅರ್ಥ ಹೋಗಲಿಲ್ಲ.

ಇದು ನಮ್ಮೊಬ್ಬರ ದೋಷವೂ ಅಲ್ಲ. ಇಂಗ್ಲೆಂಡಿನಲ್ಲಿ ಮದುವೆಯಾದ ಸ್ತ್ರೀ ತನ್ನ ಸ್ವತ್ತಿಗೆ ತಾನೇ ಪೂರ್ಣ ಒಡತಿಯಾಗಲು 1882ರ ಕಾನೂನು ಬರಬೇಕಾಯಿತು. ಸ್ವಿಟ್ಜರ್ಲೆಂಡಿನಲ್ಲಿ ರಾಷ್ಟ್ರಮಟ್ಟದ ಮತದಾನದ ಹಕ್ಕು ಅವರಿಗೆ ದೊರೆತದ್ದು 1971ರಲ್ಲಿ. ಐಸ್‌ಲ್ಯಾಂಡಿನಲ್ಲಿ 1975ರ ಅಕ್ಟೋಬರ್ 24ರಂದು ಶೇಕಡಾ ತೊಂಬತ್ತರಷ್ಟು ಸ್ತ್ರೀಯರು ಒಂದು ದಿನ ಮನೆಗೆಲಸವನ್ನೂ ಹೊರಗಿನ ಕೆಲಸವನ್ನೂ ನಿಲ್ಲಿಸಿದಾಗ ದೇಶವೇ ಸ್ತಬ್ಧವಾಯಿತಂತೆ. ಈಗ ಲಿಂಗಸಮಾನತೆಯಲ್ಲಿ ಆ ದೇಶವೇ ಮುಂದು. 2025ರ ವಿಶ್ವ ಆರ್ಥಿಕ ವೇದಿಕೆಯ ಪಟ್ಟಿಯಲ್ಲಿ 148 ದೇಶಗಳ ಪೈಕಿ ನಮ್ಮದು 131ನೆಯ ಸ್ಥಾನ.

ದೂರದ ದೇಶವೇಕೆ, ಜಹೀರಾಬಾದಿನ ಪಕ್ಕದ ಪಸ್ತಾಪುರ, ಮಾಚನೂರುಗಳನ್ನು ನೋಡಿ. 1983ರಲ್ಲಿ ಆರಂಭವಾದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಸಂಘಗಳಲ್ಲಿ ಬಡ ದಲಿತ ಸ್ತ್ರೀಯರು ಸಿರಿಧಾನ್ಯದ ಬೀಜಗಳನ್ನು ಕಾಪಾಡಿದರು. 2008ರಿಂದ ಮಾಚನೂರಿನಲ್ಲಿ ತಮ್ಮದೇ ರೇಡಿಯೋ ಕೇಂದ್ರವನ್ನು ನಡೆಸಿದರು. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಆ ಸಂಸ್ಥೆಗೆ ಬಂತು. ಬೀಜವನ್ನು ಆರಿಸಿ, ಬೂದಿ ಬೇವು ಹಾಕಿ ಇಡುವ ಕೈ ಹೆಂಗಸಿನದೆಂದು ವ್ಯಾಪಾರಿಗಳಾದ ನಮಗೆಲ್ಲ ಗೊತ್ತು. ಆದರೂ ತೊಗರಿ ಅಂಗಡಿಗೆ ಬಂದಾಗ ನಾವು ಪಟ್ಟಿ ಬರೆಯುವುದು ಗಂಡಸಿನ ಹೆಸರಿನಲ್ಲಿಯೇ.

ಸ್ತ್ರೀಮುಕ್ತಿಯ ವಿಷಯದಲ್ಲಿ ನಮ್ಮ ಎರಡು ಆಮ್ನಾಯಗಳಲ್ಲಿ ಭಿನ್ನಾಭಿಪ್ರಾಯವಿರುವುದು ಎಲ್ಲರಿಗೂ ತಿಳಿದದ್ದೇ. ಅದನ್ನು ತೂಗುವುದು ನನ್ನ ತಕ್ಕಡಿಯ ಕೆಲಸವಲ್ಲ. ಆದರೆ ಮಹಾವೀರ ಸ್ವಾಮಿಯ ಸಂಘದಲ್ಲಿ ಚಂದನೆಯ ನಾಯಕತ್ವದಲ್ಲಿ 36,000 ಆರ್ಯಿಕೆಯರಿದ್ದರೆಂದು ಎರಡೂ ಪರಂಪರೆಗಳು ಒಪ್ಪುತ್ತವೆ. ಮುನಿಗಳು 14,000. ದಾನಚಿಂತಾಮಣಿ ಅತ್ತಿಮಬ್ಬೆಯನ್ನಂತೂ ಪ್ರತಿ ವರ್ಷವೂ ಕೊಂಡಾಡುತ್ತೇವೆ: ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು, ಲಕ್ಕುಂಡಿಯಲ್ಲಿ 1007ರಲ್ಲಿ ಜಿನಾಲಯವನ್ನು ಕಟ್ಟಿಸಿದಳು ಎಂದು. ದಾನ ಮಾಡಬೇಕಾದರೆ ಮೊದಲು ತನ್ನದೆಂಬ ಧನ ಕೈಯಲ್ಲಿರಬೇಕಲ್ಲವೇ? ಪಾಲನ್ನು ಬರೆಯಿಸಿಕೊಂಡು ಬರಿಗೈಯಲ್ಲಿ ಕಳುಹಿಸಿದ ಮಗಳಿಗೆ ಅತ್ತಿಮಬ್ಬೆಯಾಗು ಎಂದರೆ ಅವಳು ಏನನ್ನು ಕೊಟ್ಟಾಳು?

ಕಳೆದ ದೀಪಾವಳಿಯಲ್ಲಿ ಹೊಸ ಖಾತೆಪುಸ್ತಕದ ಪೂಜೆಯಾದ ಮೇಲೆ ತಂಗಿಯ ಹೆಸರಿನಲ್ಲಿ ಒಂದು ಪುಟ ತೆರೆದು, ಅಂದಿನ ಪಾಲನ್ನು ಇಂದಿನ ಬೆಲೆಯಲ್ಲಿ ಜಮಾ ಬರೆದೆ. ಕಂತುಗಳಲ್ಲಿ ತೀರಿಸುತ್ತಿದ್ದೇನೆ. ಹಿರಿಯ ಮಗನಿಗೆ ಇದು ಪೂರ್ಣ ಒಪ್ಪಿಗೆಯಿಲ್ಲ; ಸೊಸೆಗೆ ಇದೆ. ದೂರವಾಣಿಯಲ್ಲಿ ತಿಳಿಸಿದಾಗ ತಂಗಿ ಸಂತೋಷಪಡುವಳೆಂದು ಎಣಿಸಿದ್ದೆ. ಅವಳು ಗಾಬರಿಯಾದಳು. "ಅಣ್ಣಾ, ಈಗ್ಯಾಕ ಇದೆಲ್ಲ? ಪಾಲು ತಗೊಂಡ್ರ ತವರುಮನಿ ಬಾಗಲಾ ಮುಚ್ಚಿದಂಗ ಆಗೂದಿಲ್ಲೇನು?" ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ತವರಿನ ಬಾಗಿಲಿಗೆ ಇಷ್ಟು ಬೆಲೆ ಕಟ್ಟಿಟ್ಟವರು ನಾವು ಅಣ್ಣತಮ್ಮಂದಿರೇ. ಈ ಉತ್ಸವಕ್ಕೆ ಅವಳನ್ನು ಕರೆದುಕೊಂಡು ಬರಲು ನಾನೇ ಕಲಬುರಗಿಗೆ ಹೋಗುವವನಿದ್ದೇನೆ.

ಟ್ರಸ್ಟಿನ ಸದಸ್ಯನಾಗಿ ಇನ್ನೊಂದು ಮಾತು. ಬೋಲಿಯಲ್ಲಿ ಕೂಗುವ ಹೆಸರುಗಳಲ್ಲಿಯೂ ಸ್ಮರಣಿಕೆಯ ದಾನಿಗಳ ಪಟ್ಟಿಯಲ್ಲಿಯೂ ನಮ್ಮ ಮಾತೆಯರು ಇಂಥವರ ಧರ್ಮಪತ್ನಿ ಎಂದಷ್ಟೇ ಬರುತ್ತಾರೆ. ಆಡಳಿತ ಮಂಡಳಿಯಲ್ಲಿ ಇದುವರೆಗೆ ಒಬ್ಬ ಸ್ತ್ರೀಯೂ ಇಲ್ಲ. ಮುಂದಿನ ವರ್ಷದಿಂದ ಅವರವರ ಹೆಸರನ್ನೇ ಅಚ್ಚು ಮಾಡಬೇಕೆಂದೂ ಮಂಡಳಿಗೆ ಇಬ್ಬರು ಮಾತೆಯರನ್ನು ಸೇರಿಸಿಕೊಳ್ಳಬೇಕೆಂದೂ ವಾರ್ಷಿಕ ಸಭೆಯಲ್ಲಿ ಠರಾವು ಮಂಡಿಸುತ್ತಿದ್ದೇನೆ. ಹಿಂದೊಮ್ಮೆ ಈ ವಿಷಯವೆತ್ತಿದಾಗ, ಸಭೆ ರಾತ್ರಿ ನಡೆಯುತ್ತದೆ, ಹೆಣ್ಣುಮಕ್ಕಳಿಗೆ ಬರಲು ತೊಂದರೆ ಎಂಬ ಉತ್ತರ ದೊರೆಯಿತು. ಆದುದರಿಂದ ಈ ಬಾರಿ ಸಭೆಯನ್ನು ಭಾನುವಾರ ಬೆಳಿಗ್ಗೆ, ಅಭಿಷೇಕ ಪೂಜೆಗಳಾದ ನಂತರ, ಅಂಗಡಿಗಳು ತೆರೆಯುವ ಮುನ್ನ ಇಡಬೇಕೆಂದು ಕಾರ್ಯದರ್ಶಿಯವರಲ್ಲಿ ಲಿಖಿತವಾಗಿ ವಿನಂತಿಸಿದ್ದೇನೆ.