ಅಂಕ ನೋಡಬೇಕೋ, ಚಿತ್ರ ನೋಡಬೇಕೋ

ನಮ್ಮ ಅಣ್ಣನ ಮೊಮ್ಮಗ ಅಮೆರಿಕಾದಾಗ ನೌಕರಿ ಮಾಡ್ತಾನ. ಹೋದ ವರ್ಷ ಸೊಲ್ಲಾಪುರದ ಸಿದ್ಧರಾಮನ ಜಾತ್ರಿಗೆ ಬಂದಾಗ ಕಿಸೆಯಿಂದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ತೆಗೆದು ತೋರಿಸಿದ. ಒಳಗ ಅಂಗೈಗಿಂತ ಸಣ್ಣ ಒಂದು ಕಾರ್ಡು, ಮ್ಯಾಲ ಬೇಸ್‌ಬಾಲ್ ಆಟಗಾರನ ಚಿತ್ರ. ಅಲ್ಲಿಯ ಜನ ಇಂಥವನ್ನು ಕೂಡಿಡುತ್ತಾರಂತ. ಹಿಂದ ಸಿಗರೇಟು, ಚೂಯಿಂಗ್ ಗಮ್ ಪೊಟ್ಟಣದ ಜೋಡಿ ಬರ್ತಿದ್ದವು. ಹುಡುಗರು ಸೈಕಲ್ ಗಾಲಿಗೆ ಸಿಗಿಸಿ ಪಟಪಟ ಸಪ್ಪಳ ಮಾಡಿಸ್ತಿದ್ದರು. ಈಗ ಅವಕ್ಕೂ ಪರೀಕ್ಷೆ ಬಂದದ. ಮೂಲೆ, ಅಂಚು, ಹೊಳಪು, ಚಿತ್ರ ನಟ್ಟನಡುವ ಕುಂತದೋ ಇಲ್ಲೋ ಎಲ್ಲ ನೋಡಿ ಕಂಪನಿಯವರು 1ರಿಂದ 10ರ ತನಕ ಅಂಕ ಕೊಟ್ಟು ಡಬ್ಬಿಯೊಳಗ ಮುಚ್ಚುತ್ತಾರೆ.

ಇವನ ಕಾರ್ಡಿಗೆ ಬರೇ 2.

"ಇಷ್ಟು ಚಂದ ಅದಲ್ಲೋ, ಎರಡು ಯಾಕ?" ಅಂದೆ.

"ಹಿಂದ ನೋಡ್ರಿ ಮುತ್ಯಾ, ಯಾರೋ ವಹಿಗೆ ಅಂಟಿಸಿ ಕಿತ್ತಾರ, ಕಾಗದ ಹರಿದದ. ಮುಂದಿನ ಬಣ್ಣ ಮಾತ್ರ ಹಂಗೇ ಉಳಿದದ. ನನಗ ಅಷ್ಟು ಸಾಕು" ಅಂದ.

ಅಂಟಿಸಿದಾವ ಪ್ರೀತಿಯಿಂದಲೇ ಅಂಟಿಸಿರಬೇಕಲ್ಲ. ಅದಕ್ಕೇ ಅಂಕ ಹೋಯ್ತು!

ಹಂಗಂತ ಕಣ್ಣನ್ನೇ ನಂಬಬೇಕು ಅಂತ ನಾನು ಹೇಳಲಾರೆ. ಒಮ್ಮೆ ಜಾತ್ರ್ಯಾಗ ಕೋಡಿನ ಬಣ್ಣಕ್ಕ ಮರುಳಾಗಿ, ಹಲ್ಲು ನೋಡದ ಎತ್ತು ತಂದೆ. ಹಿಂಗಾರಿ ಬಿತ್ತಿಗೆ ಹೊತ್ತಿನಾಗ ಕೂರಿಗಿ ಮುಂದ ಕುಂತುಬಿಡ್ತು. ಮನ್ಯಾಗ ಆಕಿ ಇವತ್ತಿಗೂ ಆಡಿ ತೋರಿಸ್ತಾಳ.

ಆದರ ಅಂಕವೂ ಮೋಸ ಹೋಗ್ತದ. ಹೋನಸ್ ವ್ಯಾಗ್ನರ್ ಎಂಬ ಆಟಗಾರನ ನೂರು ವರ್ಷದ ಹಿಂದಿನ ಸಿಗರೇಟು ಕಾರ್ಡು ಭಾಳ ಅಪರೂಪದ್ದು. ಪಿಎಸ್ಎ ಎಂಬ ಕಂಪನಿ 1991ರಲ್ಲಿ ಮೊಟ್ಟಮೊದಲು ಅಂಕ ಕೊಟ್ಟದ್ದೇ ಅಂಥ ಒಂದು ಕಾರ್ಡಿಗೆ, 8. ಅದು 2007ರಲ್ಲಿ 28 ಲಕ್ಷ ಡಾಲರಿಗೆ ಹೋಯಿತು. ಅದನ್ನ ಹಿಂದ ಮಾರಿದ್ದ ಬಿಲ್ ಮಾಸ್ಟ್ರೋ, ಅಂಚು ಕತ್ತರಿಸಿದ್ದು ತಾನೇ ಅಂತ 2013ರಲ್ಲಿ ಒಪ್ಪಿಕೊಂಡ. ಕತ್ತರಿಸಿದ ಕಾರ್ಡಿಗೆ ಅಂಥ ಅಂಕ ಸಿಗಲೇಬಾರದು.

ನನ್ನ ವಿಚಾರ ಇಷ್ಟು: ಎತ್ತಿನ ಕೆಲಸ ಹೊಲದಾಗ, ಅದಕ್ಕ ಹಲ್ಲು ನೋಡಬೇಕು. ಕಾರ್ಡಿಗೆ ನೋಡಿಸಿಕೊಳ್ಳೂದು ಬಿಟ್ಟು ಬೇರೆ ಕೆಲಸ ಏನದ? ಮಾರಾವಗ ಅಂಕ ಬೇಕು, ಖರೆ. ಕಾಣದ ಊರಿನಾವ ಬರೇ ಮಾತು ನಂಬಿ ರೊಕ್ಕ ಕೊಡೂದಿಲ್ಲ. ಇಟ್ಟುಕೊಂಡು ನೋಡಾವಗ ಬೆನ್ನಿನ ಗಾಯ ಏನು ಮಾಡ್ತದ?

"ಮತ್ತ ಆ ಡಬ್ಬಿ ಒಡದು ಕೈಯಾಗ ಕೊಡಲ್ಲ" ಅಂದೆ.

ಹುಡುಗ ಸುಮ್ಮನಾದ. ಡಬ್ಬಿ ಇದ್ದರೇ ನಕಲಿ ಅಲ್ಲ ಅನ್ನೂದಕ್ಕ ಸಾಕ್ಷಿ ಅಂತ. ಅದೂ ಸುಳ್ಳಲ್ಲ. ಹೊಳ್ಳಿ ಕಿಸೆದಾಗ ಇಟ್ಟುಕೊಂಡ.