ನಮ್ಮವನೇ ಆಗಬೇಕೆ?

ಮುಂಬೈಯಲ್ಲಿ ಸಂಸಾರ ಹೂಡಿದವನಿಗೆ ಮನೆ, ಆಫೀಸು ಎರಡನ್ನೂ ಬಿಟ್ಟರೆ ಮೂರನೆಯ ಮನೆ ಎಂದರೆ ಲೋಕಲ್ ಟ್ರೈನು. ಡೊಂಬಿವಲಿಯಿಂದ ವಿ.ಟಿ.ಗೆ ಬೆಳಗಿನ ಫಾಸ್ಟ್ ಗಾಡಿಯಲ್ಲಿ ಹೆಚ್ಚುಕಮ್ಮಿ ಒಂದು ಗಂಟೆಯ ದಾರಿ. ಮೂವರು ಕೂರುವ ಸೀಟಿನಲ್ಲಿ ಒಂದಿಷ್ಟು ಸರಿದು ನಾಲ್ಕನೆಯವನಿಗೆ ಜಾಗ ಮಾಡಿಕೊಡುವುದು ಇಲ್ಲಿಯ ರಿವಾಜು. ಅವನ ಊರು ಯಾವುದೆಂದು ಯಾರೂ ಕೇಳುವುದಿಲ್ಲ. ನಮ್ಮ ಗುಂಪಿನಲ್ಲಿ ಇಬ್ಬರು ಕನ್ನಡಿಗರು, ಮೂವರು ಮರಾಠಿಗರು, ಒಬ್ಬ ಗುಜರಾತಿ. ಆರು ಜನಕ್ಕೂ ಸೇರುವ ವಿಷಯ ಒಂದೇ, ಕ್ರಿಕೆಟ್ಟು.

2007ರ ಮಾರ್ಚ್ ತಿಂಗಳು ನೆನಪಿದೆಯಲ್ಲ? ವಿಶ್ವಕಪ್ಪಿನಲ್ಲಿ ನಾವು ಮೊದಲು ಬಾಂಗ್ಲಾದೇಶಕ್ಕೆ, ಆಮೇಲೆ ಶ್ರೀಲಂಕಾಕ್ಕೆ ಸೋತು ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿದೆವು. ಏಪ್ರಿಲ್ ಮೊದಲ ವಾರ ಕೋಚ್ ಗ್ರೆಗ್ ಚಾಪೆಲ್ ಹೊರಟುಹೋದರು. ಮುಂದೆ ಯಾರು? ತಿಂಗಳುಗಟ್ಟಲೆ ಗಾಡಿಯಲ್ಲಿ ಇದೇ ಚರ್ಚೆ. ವಾಟ್‌ಮೋರ್ ಆಗಲಿ ಅಂತ ಒಬ್ಬ, ಹೊರದೇಶದವರ ಸಹವಾಸವೇ ಬೇಡ ಅಂತ ಇನ್ನೊಬ್ಬ. ಮುಂಬೈಯವನಾದರೆ ಆಟ ಗೊತ್ತಿರುತ್ತದೆ ಎಂದು ಮರಾಠಿ ಗೆಳೆಯರು. ನಾನೋ, ನಾಯಕ ರಾಹುಲ್ ದ್ರಾವಿಡ್‌ಗೆ ಸರಿಹೊಂದುವ ಬೆಂಗಳೂರಿನ ಕಡೆಯವನೇ ಬರಲಿ ಎಂದು ಪಟ್ಟು ಹಿಡಿದಿದ್ದೆ. "ಅರೇ, ದ್ರಾವಿಡ್ ಮನೆಮಾತು ಮರಾಠಿ, ಹುಟ್ಟಿದ್ದು ಇಂದೋರಿನಲ್ಲಿ. ಅವನು ನಮ್ಮವನು!" ಎಂದು ಎದುರಿನವರು ನಕ್ಕರು. ನನಗೆ ನಗು ಬರಲಿಲ್ಲ.

ಕೊನೆಗೆ ಆದದ್ದೇನು? ದಕ್ಷಿಣ ಆಫ್ರಿಕಾದ ಗ್ರಹಾಂ ಫೋರ್ಡ್ ಅವರನ್ನು ಮಂಡಳಿ ಜೂನ್‌ನಲ್ಲಿ ಕರೆದರೆ ಅವರು ಒಲ್ಲೆ ಎಂದರು. ಎಪ್ಪತ್ತು ದಾಟಿದ್ದ ಚಂದು ಬೋರ್ಡೆ ಮ್ಯಾನೇಜರ್ ಆಗಿ ತಂಡದ ಜೊತೆ ಇಂಗ್ಲೆಂಡಿಗೆ ಹೋದರು. ಕೋಚ್ ಎಂಬವನೇ ಇಲ್ಲದ ಆ ತಂಡ 1986ರ ನಂತರ ಮೊದಲ ಬಾರಿಗೆ ಅಲ್ಲಿ ಟೆಸ್ಟ್ ಸರಣಿ ಗೆದ್ದಿತು. ಓವಲ್‌ನಲ್ಲಿ ಕುಂಬ್ಳೆ ಶತಕ ಹೊಡೆದರು. ಸೆಪ್ಟೆಂಬರಿನಲ್ಲಿ ಟ್ವೆಂಟಿ ಟ್ವೆಂಟಿ ವಿಶ್ವಕಪ್ಪೂ ಬಂತು. ಆಗ ಮ್ಯಾನೇಜರ್ ಮುಂಬೈಯ ಲಾಲ್‌ಚಂದ್ ರಜಪೂತ್. ನಮ್ಮ ಗುಂಪಿನ ವಾದವೆಲ್ಲ ಗಾಳಿಗೆ ಹೋಯಿತು. ಕೋಚ್ ಮಾಡುವ ಕೆಲಸ ಏನು ಎಂದು ನಾವು ಒಂದು ದಿನವೂ ಮಾತಾಡಿರಲಿಲ್ಲ, ಅವನು ಯಾರವನು ಎಂಬುದರಲ್ಲೇ ಗಾಡಿ ವಿ.ಟಿ. ಮುಟ್ಟುತ್ತಿತ್ತು.

ಆದರೂ ಬುದ್ಧಿ ಬರಲಿಲ್ಲ ನೋಡಿ. 2016ರ ಜೂನ್‌ನಲ್ಲಿ ಮತ್ತೆ ಅದೇ ಪ್ರಶ್ನೆ ಎದ್ದಿತು. ಈ ಸಲ ಸ್ಪರ್ಧೆ ನೇರ: ಒಂದು ಕಡೆ ಬೆಂಗಳೂರಿನ ಅನಿಲ್ ಕುಂಬ್ಳೆ, ಇನ್ನೊಂದು ಕಡೆ ಮುಂಬೈಯ ರವಿ ಶಾಸ್ತ್ರಿ. ಗಂಗೂಲಿ, ತೆಂಡೂಲ್ಕರ್, ಲಕ್ಷ್ಮಣ್ ಇದ್ದ ಸಮಿತಿಯ ಸಲಹೆಯ ಮೇಲೆ ಕುಂಬ್ಳೆಗೆ ಒಂದು ವರ್ಷಕ್ಕೆ ಹುದ್ದೆ ಸಿಕ್ಕಿತು. ಅಂದು ರಾತ್ರಿ ಊಟಕ್ಕೆ ಕೂತಾಗ ನಾನು ಖುಷಿಯಿಂದ, "ಕೊನೆಗೂ ನಮ್ಮವರೇ ಆದರು" ಅಂದೆ. ಮಗ ತಟ್ಟೆಯಿಂದ ತಲೆ ಎತ್ತಲಿಲ್ಲ. "ಅಪ್ಪ, ಶಾಸ್ತ್ರಿ ಮನೆಯವರೂ ಮಂಗಳೂರು ಕಡೆಯಿಂದ ಬಂದವರೇ ಅಲ್ವಾ? ಅವರು ಇಲ್ಲಿ ಹುಟ್ಟಿ ಬೆಳೆದರು, ನಾನೂ ಇಲ್ಲೇ ಹುಟ್ಟಿದ್ದು. ಹಾಗಾದರೆ ನಾನು ಯಾರವನು?"

ಉತ್ತರ ಹೊಳೆಯುವ ಮೊದಲೇ ಇನ್ನೊಂದು ಮಾತು ಹೇಳಿದ: "ನಿಮ್ಮ ಆಫೀಸಿನಲ್ಲಿ ಅಂದದ್ದೂ ಇದೇ ತಾನೆ?"

ಅವನು ಹೇಳಿದ್ದು ಹಳೆಯ ಗಾಯ. ಬಹಳ ವರ್ಷಗಳ ಹಿಂದೆ ಬಡ್ತಿಯ ಸರದಿ ನನ್ನದಿತ್ತು, ಲೆಕ್ಕಪತ್ರವೆಲ್ಲ ನನ್ನ ಕೈಯಲ್ಲೇ ಇತ್ತು. ಕುರ್ಚಿ ಮಾತ್ರ ಬೇರೆಯವನಿಗೆ ಹೋಯಿತು. ಕಾರಣ ಕೇಳಿದ್ದಕ್ಕೆ ಮೇಲಿನವರು ಮೆತ್ತಗೆ ಹೇಳಿದ್ದು ಎರಡೇ ಶಬ್ದ: "ಆಪ್ಲಾ ಮಾಣೂಸ್." 1966ರಲ್ಲಿ ಶಿವಸೇನೆ ಹುಟ್ಟಿದ ಹೊಸದರಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗನ್ನು ಹಿರಿಯರ ಬಾಯಲ್ಲಿ ಕೇಳಿ ಬೆಳೆದವರು ನಾವು. ಆ ಎರಡು ಶಬ್ದದ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಅದೇ ಮಾತನ್ನು ಕನ್ನಡದಲ್ಲಿ ನಾನು ನನ್ನ ಮನೆಯಲ್ಲಿ, ಅನ್ನದ ಮುಂದೆ ಕೂತು ಹೇಳಿದ್ದೆ.

ಮರುವರ್ಷ ಚಾಂಪಿಯನ್ಸ್ ಟ್ರೋಫಿ ಫೈನಲ್ ಸೋತ ಎರಡೇ ದಿನಕ್ಕೆ ಕುಂಬ್ಳೆ ರಾಜೀನಾಮೆ ಕೊಟ್ಟರು. ತಮ್ಮ ರೀತಿಯ ಬಗ್ಗೆ ನಾಯಕನಿಗೆ ತಕರಾರಿದೆಯೆಂದು ಮಂಡಳಿ ತಿಳಿಸಿತು ಎಂದು ಅವರೇ ಬರೆದರು. ನಾನು ಗಾಡಿಯಲ್ಲಿ ಕುದಿಯುತ್ತಿದ್ದೆ, ಬೆಂಗಳೂರಿನವರೆಂದೇ ಹೀಗಾಯಿತು ಎಂದು ಕೂಗಾಡಿದೆ. ಆಗ ಕುಂಬ್ಳೆ ಪರವಾಗಿ ಸರಿಯಾಗಿ ಮಾತಾಡಿದವರು ನಮ್ಮ ಗುಂಪಿನ ಹಿರಿಯ ಮರಾಠಿಗರು. "ಹದಿನೇಳು ಟೆಸ್ಟ್, ಹನ್ನೆರಡು ಗೆಲುವು, ಸೋಲು ಒಂದೇ. ಇಂಥವನನ್ನು ಕಳಿಸಬೇಕಾದರೆ ಕಾರಣ ಹೇಳಬೇಕು" ಎಂದರು. ನನ್ನ ಕೂಗಿಗೆ ಯಾರೂ ತಲೆದೂಗಲಿಲ್ಲ, ಅವರ ಮಾತಿಗೆ ಎಲ್ಲರೂ ತಲೆದೂಗಿದರು. ಅವರಿಗೆ ಕುಂಬ್ಳೆ ನಮ್ಮವನಾಗಬೇಕಾಗಿರಲಿಲ್ಲ, ಅದಕ್ಕೇ ಅವರ ಮಾತಿಗೆ ತೂಕ ಬಂದಿತ್ತು.

ಹಾಗಾದರೆ ನಮ್ಮವರು ಎಂಬ ಅಭಿಮಾನವೇ ತಪ್ಪೆ? ನನಗೆ ಹಾಗನ್ನಿಸುವುದಿಲ್ಲ. ಊರು ಬಿಟ್ಟವನಿಗೆ ಅಷ್ಟೂ ಇಲ್ಲದಿದ್ದರೆ ಬದುಕುವುದು ಹೇಗೆ? 2010ರ ಜನವರಿಯಲ್ಲಿ ಮೈಸೂರಿನ ರಣಜಿ ಫೈನಲ್ಲಿನಲ್ಲಿ ಕರ್ನಾಟಕ ಮುಂಬೈಗೆ ಬರೀ ಆರು ರನ್ನಿಂದ ಸೋತಾಗ ನಾನು ಉಣ್ಣಲಿಲ್ಲ. ಮಗ ಪಕ್ಕದ ಕೋಣೆಯಲ್ಲಿ ಕುಣಿಯುತ್ತಿದ್ದ. ಅಳುವುದಕ್ಕೂ ಕುಣಿಯುವುದಕ್ಕೂ ಯಾರೂ ಲೆಕ್ಕ ಒಪ್ಪಿಸಬೇಕಾಗಿಲ್ಲ. ಆದರೆ ಒಬ್ಬನಿಗೆ ಕುರ್ಚಿ ಕೊಡಬೇಕು, ಇನ್ನೊಬ್ಬನಿಗೆ ಬೇಡ ಎನ್ನುವಾಗ ಲೆಕ್ಕ ಒಪ್ಪಿಸಬೇಕು. ಆ ಇನ್ನೊಬ್ಬನ ಮುಖ ನೋಡಿ ಹೇಳಲು ಆಗದ ಕಾರಣ ಕಾರಣವೇ ಅಲ್ಲ. ನನಗೆ ಯಾರೂ ಮುಖ ನೋಡಿ ಹೇಳಿರಲಿಲ್ಲ, ಅದಕ್ಕೇ ಇಷ್ಟು ವರ್ಷ ನೋಯುತ್ತಿದೆ.

ಕುಂಬ್ಳೆ ಬಿಟ್ಟ ಜಾಗಕ್ಕೆ ಬಂದ ಶಾಸ್ತ್ರಿಯವರ ಕಾಲದಲ್ಲೇ, 2018-19ರಲ್ಲಿ, ನಮ್ಮ ತಂಡ ಆಸ್ಟ್ರೇಲಿಯಾದ ನೆಲದಲ್ಲಿ ಮೊದಲ ಬಾರಿಗೆ ಟೆಸ್ಟ್ ಸರಣಿ ಗೆದ್ದಿತು. ಕುಂಬ್ಳೆಗೆ ಆದದ್ದು ಅದರಿಂದ ಸರಿಯಾಗಲಿಲ್ಲ. ಆದರೆ ಶಾಸ್ತ್ರಿ ಅಯೋಗ್ಯರು ಎಂದು ನಾನು ಗಾಡಿಯಲ್ಲಿ ಆಡಿದ ಮಾತು ಸುಳ್ಳಾಯಿತು. ಸರಣಿ ಮುಗಿದ ಮರುದಿನ ಅದನ್ನು ಹಿರಿಯರ ಎದುರು ಒಪ್ಪಿಕೊಂಡೆ. ಅವರು ಏನೂ ಅನ್ನಲಿಲ್ಲ. ಠಾಣೆಯಲ್ಲಿ ಯಾರೋ ಹೊಸಬ ಹತ್ತಿ ನಿಂತಿದ್ದ. ನನ್ನ ಭುಜ ತಟ್ಟಿ, "ಥೋಡಾ ಸರಕಾ" ಎಂದರು. ಸರಿದು ಕೂತೆ.