ನಮ್ಮ ಪರವಾಗಿ ಮಾತನಾಡುವವರು ಯಾರು?

ಹಸುಗೂಸಾಗಿದ್ದಾಗ ನಿಮಗೆ ಜ್ಞಾನಸ್ನಾನವಾದ ದಿನ ನೀವು ಮಾತನಾಡಲಿಲ್ಲ. ಗುರುಗಳು ಕೇಳಿದ ಪ್ರಶ್ನೆಗಳಿಗೆ ಹೆತ್ತವರೂ ಜ್ಞಾನ ತಂದೆತಾಯಿಯರೂ ಉತ್ತರ ಕೊಟ್ಟರು. ಬದುಕಿನ ಕೊನೆಗೂ ಅಂಥ ದಿನ ಬರಬಹುದು. ಪಾವಗಡದಿಂದ ತುಮಕೂರಿಗೋ ಬೆಂಗಳೂರಿಗೋ ಸಾಗಿಸಿದ ರೋಗಿಗೆ ಪ್ರಜ್ಞೆಯಿಲ್ಲ. "ವೆಂಟಿಲೇಟರ್ ಹಾಕೋಣವೇ?" ಎಂದು ವೈದ್ಯರು ಕೇಳುತ್ತಾರೆ. ಹೆಂಡತಿ ಮಗನ ಮುಖ ನೋಡುತ್ತಾಳೆ, ಮಗ ಚಿಕ್ಕಪ್ಪನ ಮುಖ ನೋಡುತ್ತಾನೆ. ರೋಗಿಯ ಮನಸ್ಸಿನಲ್ಲಿ ಏನಿತ್ತೆಂದು ಯಾರಿಗೂ ತಿಳಿಯದು.

ಉತ್ತರ ಕನ್ನಡದ ಹಳದೀಪುರದವರಾದ ಅರುಣಾ ಶಾನಭಾಗ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರಲ್ಲಿ ನಡೆದ ಕ್ರೂರ ಹಲ್ಲೆಯಿಂದ ಅವರ ಮಿದುಳು ಹಾನಿಗೊಂಡಿತು. 2015ರಲ್ಲಿ ತೀರಿಕೊಳ್ಳುವವರೆಗೂ ಅದೇ ಆಸ್ಪತ್ರೆಯಲ್ಲಿದ್ದರು. ಅವರಿಗೆ ಆಹಾರ ಕೊಡುವುದನ್ನು ನಿಲ್ಲಿಸಬೇಕೆಂದು ಲೇಖಕಿ ಪಿಂಕಿ ವಿರಾನಿ ಸುಪ್ರೀಂ ಕೋರ್ಟಿಗೆ ಹೋದರು. 2011ರಲ್ಲಿ ನ್ಯಾಯಾಲಯ ಅರ್ಜಿಯನ್ನು ತಳ್ಳಿಹಾಕಿತು. ಅರುಣಾರ ಪರವಾಗಿ ಮಾತನಾಡತಕ್ಕವರು ವರ್ಷಾನುಗಟ್ಟಲೆ ಅವರ ಆರೈಕೆ ಮಾಡಿದ ಆಸ್ಪತ್ರೆಯ ಸಿಬ್ಬಂದಿಯೇ ಎಂದಿತು. ಆ ಸಿಬ್ಬಂದಿ ಬಯಸಿದ್ದು ಅವರು ಬದುಕಿರಲೆಂದೇ. ಪಕ್ಕದಲ್ಲಿ ನಿಂತವರಿಗೇ ಮಾತನಾಡುವ ಅರ್ಹತೆ ಎಂಬ ಪಾಠ ಇದರಲ್ಲಿದೆ. ಆದರೂ ಅರುಣಾ ಸ್ವತಃ ಏನು ಬಯಸಿದ್ದರೆಂಬುದು ಯಾರಿಗೂ ತಿಳಿಯಲಿಲ್ಲ.

ಈಗ ಮುಂಚಿತವಾಗಿ ಹೇಳಿಡಲು ಕಾನೂನಿನಲ್ಲಿ ದಾರಿಯಿದೆ. 2018ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಿತು. 2023ರಲ್ಲಿ ವಿಧಾನವನ್ನು ಸುಲಭಗೊಳಿಸಿತು. ಪ್ರಾಪ್ತ ವಯಸ್ಸಿನವರು ಸ್ವಸ್ಥಚಿತ್ತರಾಗಿರುವಾಗ ಪತ್ರ ಬರೆದು, ತಮ್ಮ ಪರವಾಗಿ ನಿರ್ಧರಿಸುವವರನ್ನು ಹೆಸರಿಸಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಮನಸ್ಸು ಬದಲಾದರೆ ಪತ್ರವನ್ನು ರದ್ದುಮಾಡಬಹುದು. ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಈ ಬಗ್ಗೆ ಸುತ್ತೋಲೆ ಹೊರಡಿಸಿತು.

ಇದು ದೇವರ ಮೇಲಿನ ಅಪನಂಬಿಕೆಯಲ್ಲವೇ ಎಂದು ನೀವು ಕೇಳಬಹುದು. ಅಲ್ಲ. ಜೀವ ದೇವರ ವರ. ಅದನ್ನು ತೆಗೆಯುವ ಅಧಿಕಾರ ನಮಗಿಲ್ಲ. ಆದರೆ ಸಾವನ್ನು ಹೇಗಾದರೂ ಮುಂದೂಡಲೇಬೇಕೆಂಬ ಕಟ್ಟಳೆಯೂ ಇಲ್ಲ. ಅಸಾಮಾನ್ಯ ಚಿಕಿತ್ಸೆ ಕಡ್ಡಾಯವಲ್ಲವೆಂದು ಪೋಪ್ ಹನ್ನೆರಡನೇ ಪಯಸ್ 1957ರಲ್ಲೇ ವೈದ್ಯರಿಗೆ ತಿಳಿಸಿದರು. ಫಲಕ್ಕಿಂತ ಹೊರೆಯೇ ಹೆಚ್ಚಾದ ಚಿಕಿತ್ಸೆಯನ್ನು ಬಿಡಬಹುದೆಂದೂ, ರೋಗಿಗೆ ಶಕ್ತಿಯಿಲ್ಲದಾಗ ಕಾನೂನುಬದ್ಧ ಹಕ್ಕುಳ್ಳವರು ನಿರ್ಧರಿಸಬೇಕೆಂದೂ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಹೇಳುತ್ತದೆ. ಆದರೆ ಅನ್ನನೀರು ಚಿಕಿತ್ಸೆಯಲ್ಲ, ಆರೈಕೆ. ನಳಿಕೆಯ ಮೂಲಕ ಕೊಟ್ಟರೂ ಅದು ತಾತ್ವಿಕವಾಗಿ ಕರ್ತವ್ಯವೆಂದು ಪೋಪ್ ಎರಡನೇ ಜಾನ್ ಪಾಲ್ 2004ರಲ್ಲಿ ಸ್ಪಷ್ಟಪಡಿಸಿದರು. ಕಾನೂನು ಬಿಟ್ಟುಕೊಟ್ಟದ್ದೆಲ್ಲ ಧರ್ಮಸಮ್ಮತವಲ್ಲ. ನೀವು ಹೆಸರಿಸಿದವರಿಗೂ ಮನಸ್ಸಾಕ್ಷಿ ಇದೆ. ಅವರು ಪಾಪಕ್ಕೆ ಗುರಿಯಾಗುವಂಥ ಆಜ್ಞೆಯನ್ನು ಅವರ ತಲೆಗೆ ಕಟ್ಟಬೇಡಿ.

ಹಾಗಾದರೆ ಯಾರನ್ನು ಆರಿಸಬೇಕು? ಹಿರಿಯ ಮಗನೆಂದೋ, ಹಣವಂತನೆಂದೋ ಆರಿಸಬೇಡಿ. ನಿಮ್ಮ ಮಾತನ್ನು ಕೇಳಿಸಿಕೊಳ್ಳುವವರನ್ನು, ಆಸ್ತಿಯ ಆಸೆಯಿಲ್ಲದವರನ್ನು, ಗುರುಗಳನ್ನು ಕರೆಸಿ ನಿಮಗೆ ರೋಗಿಗಳ ಅಭ್ಯಂಗ ಕೊಡಿಸಲು ಮರೆಯದವರನ್ನು ಆರಿಸಿರಿ. ಅದು ಮಗಳೂ ಆಗಬಹುದು, ಸೊಸೆಯೂ ಆಗಬಹುದು. ಪತ್ರಕ್ಕಿಂತ ಮೊದಲು ಮನೆಮಂದಿಯೆಲ್ಲ ಕೂತು ಮಾತನಾಡಿರಿ. ಇಲ್ಲವಾದರೆ, ಉಳಿಸಲು ಹೊಲ ಮಾರಿದ ಮಗನೂ, ಸಾಕೆಂದ ಮಗನೂ "ತಪ್ಪು ಮಾಡಿದೆನೇ?" ಎಂದು ಜೀವಮಾನವಿಡೀ ಕೊರಗುತ್ತಾರೆ.

ಶಿಲುಬೆಯ ಮೇಲೆ ನರಳುತ್ತಿದ್ದಾಗಲೂ ಯೇಸುಸ್ವಾಮಿ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದರು. ಒಪ್ಪಿಸಿಕೊಡುವುದೂ ಪ್ರೀತಿಯ ಕಾರ್ಯವೇ. ಈ ಭಾನುವಾರ ಪೂಜೆ ಮುಗಿಸಿ ಮನೆಗೆ ಬಂದ ಮೇಲೆ ಈ ಮಾತನ್ನು ನೀವೇ ತೆಗೆಯಿರಿ.